ಸಂತ ಎಡ್‌ಬರ್ಗಾಳ ಹೆಸರಿನ ವಿಚಾರ

ಪೂಜ್ಯ ಪಾದ್ರಿ ಪೆಂಬರ್ಟನ್ ಅವರಿಗೆ,

ಸಮಸ್ತ ಇಂಗ್ಲೆಂಡಿಗೆ ತಿಳಿಯಲಿ: ನನ್ನ ಕೆಂಪು ರೇಷ್ಮೆದಾರ ಮುಗಿದಿದೆ.

ಸಾವಿರ ವರ್ಷದಿಂದ ನಮ್ಮ ಚರ್ಚಿಗಿರುವ ಸಂತ ಎಡ್‌ಬರ್ಗಾಳ ಹೆಸರನ್ನೇ ಬದಲಿಸಲು ಹೊರಟಿರಿ. ಆ ಹೆಸರನ್ನು ನಾನು ಕಸೂತಿ ಹಾಕಿದ್ದ , ಪ್ರಾರ್ಥನೆಗೆ ಮೊಣಕಾಲೂರುವ ಅರವತ್ತು ದಿಂಬುಗಳನ್ನು ಹಿತ್ತಲಿಗೆ ಎಸೆದಿರಿ. “ನಾಲಿಗೆಯೇ ಹೊರಳಲ್ಲ ಮಿಸೆಸ್ ಥ್ರೇಲ್, ಯಾರು ಓದ್ತಾರೆ ಇದನ್ನ?” ಎಂದಿರಿ.

ಇವತ್ತು ನೀವು ಬಲಿಪೀಠದತ್ತ ತಿರುಗಿದಾಗಲೆಲ್ಲ ಜನ ಯಾಕೆ ನಕ್ಕರೆಂದು ವಿಚಾರಿಸುತ್ತಿದ್ದಿರಂತೆ. ನಾನು ಇಸ್ತ್ರಿ ಮಾಡಿಕೊಟ್ಟ ನಿಲುವಂಗಿಯ ಬೆನ್ನು ನೋಡಿಕೊಳ್ಳಿ. ಎಲ್ಲರೂ ಓದಿದರು. ಪೂಜೆಗೆ ಬಂದಿದ್ದ ಬಿಷಪ್ಪರಂತೂ ಬಾಗಿಲಲ್ಲಿ ನನ್ನ ಕೈಕುಲುಕಿ, “ಎಡ್‌ಬರ್ಗಾ! ಎಷ್ಟು ಚೆಂದದ ಹೆಸರಮ್ಮ, ತೆಗೆಯೋಕೆ ನಾನು ಬಿಡಲ್ಲ” ಎಂದರು.

ಇನ್ನು ಇಸ್ತ್ರಿ ನೀವೇ ಮಾಡಿಕೊಳ್ಳಿ. ಅಕ್ಷರಗಳ ಮೇಲೆ ಒದ್ದೆ ಬಟ್ಟೆ ಹಾಸುವುದನ್ನು ದಯವಿಟ್ಟು ಮರೆಯಬೇಡಿ.

ನಿಮ್ಮ ವಿಧೇಯಳು,
ಮ್ಯೂರಿಯಲ್ ಥ್ರೇಲ್