ಅಪ್ಪನ ಎಡಗೈಗೆ ನೀನು ಹಾಕಿದ ಲಿನಕ್ಸ್

ಸೋಮವಾರ, ಬೆಳಿಗ್ಗೆ

ಅಣ್ಣಾ,

ಪ್ರೀತಿಯ ಅಂತ ಸೇರಿಸಲು ಕೈ ಬರಲಿಲ್ಲ, ಬೇಸರ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಪರವಾಗಿಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಾನು ಆಫೀಸಿನ ಕೆಲಸಕ್ಕೆ ಪರವೂರಿಗೆ ಹೋಗುವಾಗ ಅಪ್ಪನ ಜೊತೆಗಿರು ಅಂತ ನಿನ್ನನ್ನು ಕರೆದೆ. ಕಂಪ್ಯೂಟರಿಗೆ ಕೈ ಹಾಕು ಅಂತ ಕರೆದಿರಲಿಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಅಪ್ಪನಿಗೆ ಉಳಿದದ್ದು ಎಡಗೈ ಮತ್ತು ಹವ್ಯಾಸದ ಹ್ಯಾಮ್ ರೇಡಿಯೋದಲ್ಲಿ ಚುಕ್ಕೆ-ಗೆರೆಯ ಸಂಕೇತ ಕುಟ್ಟುವ ಮೋರ್ಸ್ ಕೀ. ಅವರು ಕುಟ್ಟಿದ್ದನ್ನು ಹಳೆಯ ವಿಂಡೋಸ್ ಕಂಪ್ಯೂಟರ್ ಅಕ್ಷರ ಮಾಡಿ ಪರದೆಗೆ ತರುತ್ತಿತ್ತು. ಚಹಾಕ್ಕೆ ಸಕ್ಕರೆ ಸಾಲದು ಅನ್ನುವುದರಿಂದ ಹಿಡಿದು ರೇಡಿಯೋ ಗೆಳೆಯರ ಜೊತೆ ಜಗಳದವರೆಗೆ ಎಲ್ಲಾ ಅದರಲ್ಲೇ.

ನಿನಗೆ ಅದನ್ನು ಕಂಡಕೂಡಲೇ ಮೈ ಉರಿಯಿತಂತೆ. ಈ ಕಾಲದಲ್ಲೂ ಯಾರಾದರೂ ಹಳೇ ವಿಂಡೋಸ್ ಇಟ್ಟುಕೊಳ್ಳುತ್ತಾರಾ, ರೇಡಿಯೋದವರಿಗೆ ಲಿನಕ್ಸೇ ಸರಿ ಅಂತ ಪಕ್ಕದ ಮನೆಯಾಕೆಗೂ ಭಾಷಣ ಬಿಗಿದೆಯಂತೆ. ಇರಬಹುದು. ರೇಡಿಯೋದಲ್ಲಿ ಉಪಗ್ರಹದ ಸಂಕೇತ ಹಿಡಿಯಲು ನಾನೂ ಲಿನಕ್ಸನ್ನೇ ಬಳಸುವವಳು. ಆದರೆ ಅದರ ಮುಂದೆ ದಿನವಿಡೀ ಕೂರುವವರನ್ನು ಒಂದು ಮಾತು ಕೇಳಬೇಡವೇ? ಕೇಳದೆ ಎಲ್ಲಾ ಅಳಿಸಿ ಲಿನಕ್ಸ್ ಹಾಕಿದೆ. ಆಮೇಲೆ ಅಪ್ಪ ಏನು ಕುಟ್ಟಿದರೂ ಪರದೆಯ ತುಂಬಾ ಬರೀ ಇ, ಟಿ, ಇ, ಇ, ಟಿ.

ಅಷ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಹೇಸಿಗೆ ಹುಟ್ಟಿಸಿದ್ದು ಮುಂದಿನದು. ಆ ಪರದೆಯ ಫೋಟೋ ತೆಗೆದು ಚಿಕ್ಕಮ್ಮನಿಗೆ, ಡಾಕ್ಟರಿಗೆ ಕಳಿಸಿ, ಅಪ್ಪನ ತಲೆ ಪೂರ್ತಿ ಕೆಟ್ಟಿದೆ, ಇನ್ನು ವೃದ್ಧಾಶ್ರಮವೇ ಗತಿ ಅಂದೆಯಲ್ಲ! ಮುಂದಿನ ಭಾನುವಾರ ಬಂದು ಆಂಟೆನಾ ಇಳಿಸುತ್ತೇನೆ ಅಂತ ಬೇರೆ. ಅದೂ ಅಪ್ಪನ ಎದುರಿಗೇ, ಅವರಿಗೆ ಕಿವಿಯೂ ಇಲ್ಲವೇನೋ ಎಂಬಂತೆ. ಛೀ! ಚಿಕ್ಕಮ್ಮ ನನಗೆ ಆ ಫೋಟೋ ಕಳಿಸಿದಾಗ ಊಟಕ್ಕೆ ಕೂತಿದ್ದೆ. ತಟ್ಟೆ ಸರಿಸಿ ಎದ್ದುಬಿಟ್ಟೆ.

ಬಂದವಳೇ ಪರದೆ ಆರಿಸಿ, ಪೆನ್ಸಿಲ್ ಹಿಡಿದು ಅಪ್ಪನ ಪಕ್ಕ ಕೂತೆ. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಅವರು ಕಿವಿಯಿಂದಲೇ ಮೋರ್ಸ್ ಕಲಿಸಿದ್ದು. ನೀನು ಮರೆತಿರಬೇಕು, ದೊಡ್ಡ ಮನುಷ್ಯ. ಕೈ ನಿಧಾನ, ಒಂದೇ ಅಕ್ಷರದ ಚುಕ್ಕೆ-ಗೆರೆಗಳ ನಡುವೆಯೇ ನಿಂತು ನಿಂತು ಬರುತ್ತದೆ; ಬಿಡಿ ಚುಕ್ಕೆ ಅಂದರೆ ಇ, ಬಿಡಿ ಗೆರೆ ಅಂದರೆ ಟಿ. ಆದರೆ ಒಂದಕ್ಷರ ತಪ್ಪಿಲ್ಲ. ನಿನ್ನೆ ಡಾಕ್ಟರೂ ಬಂದು ಎದುರು ಕೂತರು, ಕೇಳಿದ್ದಕ್ಕೆಲ್ಲ ಉತ್ತರ ಪಡೆದರು, ಬೈಸಿಕೊಂಡು ನಕ್ಕೂ ಹೋದರು. ಆಂಟೆನಾ ಇದ್ದಲ್ಲೇ ಇರುತ್ತದೆ, ಅಪ್ಪನೂ ಇಲ್ಲೇ ಇರುತ್ತಾರೆ. ಈ ಭಾನುವಾರ ಬರುವುದಾದರೆ ಬರಿಗೈಯಲ್ಲಿ ಬಾ. ಸ್ಪ್ಯಾನರ್ ತಂದರೆ ಬಾಗಿಲು ತೆಗೆಯುವುದಿಲ್ಲ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಅಪ್ಪ ಬಿಡುತ್ತಿಲ್ಲ. ನಿನ್ನ ಲಿನಕ್ಸನ್ನು ನಾನು ತೆಗೆದಿಲ್ಲ. ಈಗ ಚೆನ್ನಾಗೇ ಓಡುತ್ತಿದೆ, ಅವರಿಗೂ ಹಿಡಿಸಿದೆ. ನೀನು ಫೋಟೋ ತೆಗೆಯುತ್ತಿದ್ದಷ್ಟು ಹೊತ್ತೂ ಅವರು ಕುಟ್ಟುತ್ತಿದ್ದದ್ದು ಒಂದೇ ಮಾತಂತೆ: ಮಗಾ, ಹೊಸದು ಚೆನ್ನಾಗಿದೆ, ಅದು ಓದೋ ವೇಗ ಮಾತ್ರ ಸ್ವಲ್ಪ ಇಳಿಸು.