ಹೊಲದ ನಡುವೆ ಬೇವಿನ ಸಾಲು

ಸ್ಟೇಷನ್ ರಸ್ತೆ, ವಿಜಾಪುರ
೩ ಅಕ್ಟೋಬರ್ ೧೯೭೮

ತಮ್ಮ ಮೆಹಬೂಬನಿಗೆ ಅಕ್ಕ ಮಾಸುಮಬಿಯ ಸಲಾಂ ಮತ್ತು ದುವಾ.

ಈದ್ ಮುಗಿಸಿ ಸೊಲ್ಲಾಪುರಕ್ಕೆ ಹೋದವನು ನೀನು ಕೂಡಲೇ ಪತ್ರ ಬರೆದೆ, ನಾನು ಸುಮ್ಮನೆ ಕೂತೆ. ಸಿಟ್ಟಾಗಬೇಡ. ನಿನ್ನ ಭಾವನಿಗೆ ಕೆಮ್ಮು, ನನಗೆ ಹೊಲದ ಚಿಂತೆ.

ಹೋದ ವಾರ ಕನಮಡಿಗೆ ಹೋಗಿದ್ದೆ. ಅಬ್ಬಾ ಬಿಟ್ಟುಹೋದ ಹೊಲದಲ್ಲಿ ಭಾಗಪ್ಪ ಬೇವಿನ ಸಸಿ ಹಚ್ಚಿದ್ದಾನೆ! ಉಳುವವನಿಗೇ ಹೊಲ ಎಂಬ ಕಾಯ್ದೆ ಬಂದಾಗಿನಿಂದ ಅವನ ಮೇಲೆ ನನಗೆ ಒಂದು ಕಣ್ಣು ಇದ್ದೇ ಇದೆ. ಪಾಲಿಗೆ ಮಾಡುವವನು ಜೋಳ ಬಿತ್ತಲಿ, ಕಡಲೆ ಬಿತ್ತಲಿ; ಹತ್ತು ವರ್ಷಕ್ಕೆ ಬೆಳೆಯುವ ಗಿಡದ ಉಸಾಬರಿ ಅವನಿಗೇಕೆ?

ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಬ್ಯಾಸಗಿಗೆ ಆಡಿಗೆ ತಪ್ಪಲಾ ಆಗತೈತ್ರಿ ಅಕ್ಕಾರ. ಎತ್ತಿಗೆ ನೆಳ್ಳು, ಹೊಲಾ ಹರಗೂ ಕುಂಟಿಗೆ ಕಟಗಿ. ಮಣ್ಣೂ ಹರಕೊಂಡು ಹೋಗೂದಿಲ್ರಿ." ಸಸಿಗಳನ್ನು ತಿಕೋಟಾದಲ್ಲಿ ಪುಕ್ಕಟೆ ಹಂಚಿದರಂತೆ. ಪುಕ್ಕಟೆ ಅಂದಮೇಲೆ ನನ್ನ ಸಂಶಯ ಇನ್ನೂ ಬಲಿಯಿತು.

"ಹಂಗಾರ ಬದುವಿನ ಮ್ಯಾಲ ಹಚ್ಚಬೇಕಿತ್ತಲ್ಲೋ? ಹೊಲದ ನಡುವ ಯಾಕ? ನೆಳ್ಳಾಗ ಜ್ವಾಳ ಏಳತಾವೇನು?" ಎಂದೆ. ಅವನು ಸಸಿಯ ಬುಡಕ್ಕೆ ಮಣ್ಣು ಏರಿಸತೊಡಗಿದ. ಕಿತ್ತು ಹಾಕು ಎಂದರೆ, "ಅಣ್ಣಾರ ಹೇಳಿದ್ರ ಕೀಳತೇನ್ರಿ" ಎಂದ. ಅವನಿಗೆ ಅಣ್ಣಾರೆಂದರೆ ನೀನು; ನನ್ನ ಮಾತಿಗೆ ಕವಡೆಯ ಕಿಮ್ಮತ್ತಿಲ್ಲ.

ನಿನ್ನ ಹೆಂಡತಿ ನೂರಜಹಾನಳನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ನನ್ನ ಮುದ್ದು. ಗಿರಣಿಯಲ್ಲಿ ಪಾಳಿ ಮುಗಿದ ಮೇಲೆ ಹೊಟ್ಟೆ ತುಂಬ ಉಣ್ಣು. ಅಲ್ಲಾಹ ನಿನ್ನ ಮನೆಯಲ್ಲಿ ಬರಕತ್ತು ಇಡಲಿ.

ನಿನ್ನ ಅಕ್ಕ,
ಮಾಸುಮಬಿ

ತಾ.ಕ.: ಭಾಗಪ್ಪ ಕಡೆಗೊಂದು ಮಾತು ಹೇಳಿದ. ಮೇಲೆ ಬರೆಯಲು ಕೈ ಬರಲಿಲ್ಲ. "ಈದಿಗೆ ಬಂದಾಗ ಅಣ್ಣಾರ ಖುದ್ದ ನಿಂತು ಗಿಡದ ಸಾಲು ಹಿಡಿಸ್ಯಾರ್ರಿ. ಇತ್ತಾಗಿನ ತುಕಡಿ ಅಕ್ಕಂದು, ಬಾವಿ ಕಡೀದು ನಂದು ಅಂದ್ರು. ಗಡಿಗೆ ಕಲ್ಲ ನೆಡಸಿದ್ರ ಯಾರರ ಸರಸ್ತಾರ, ಗಿಡ ಸರಸಾಕ ಬರೂದಿಲ್ಲ ಅಂದ್ರು."

ಅವತ್ತೇ ನೀನು ನಮ್ಮ ಮನೆಯಲ್ಲಿ ಈದಿನ ಹಾಲಿನ ಸುರಕುಂಬಾ ಕುಡಿದು, ನನ್ನ ಕಾಲು ಮುಟ್ಟಿ ಬಸ್ಸು ಹತ್ತಿದೆ. ಬಕ್ರೀದಿಗೆ ನೀನು ಬಂದಾಗ ನನ್ನ ಪಾಲನ್ನು ನಿನ್ನ ಹೆಸರಿಗೇ ಬರೆದುಕೊಡಬೇಕೆಂದಿದ್ದೆ. ತವರಿನ ಬಾಗಿಲೊಂದು ತೆರೆದಿದ್ದರೆ ಸಾಕಾಗಿತ್ತು. ಬಾವಿ ನೀನೇ ಇಟ್ಟುಕೋ, ನನಗೆ ಬೇಸರವಿಲ್ಲ. ಇಷ್ಟು ದಿನ ನಾನು ಭಾಗಪ್ಪನ ಮೇಲೆ ಸಂಶಯಪಟ್ಟೆ. ನೀನು ಸಂಶಯಪಟ್ಟದ್ದು ನನ್ನ ಮೇಲೆ. ನಾನು ಕಲ್ಲು ಸರಿಸುವವಳೇನೋ, ಮೆಹಬೂಬ?