ಎಡಗೈಯ ಐದು ಬೆರಳು

ಬೈಲಹೊಂಗಲ
8 ಸೆಪ್ಟೆಂಬರ್ 1977, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಮಿಲ್ಲಿನ ಧೂಳು ನಿನ್ನ ಗಂಟಲಲ್ಲಿ ಕೂತಿದೆ ಎಂದು ಬಾಳು ಕಾಕಾ ಹೇಳಿದ. ಇಲ್ಲಿಂದ ಅವನು ಲಾರಿಯಲ್ಲಿ ಹತ್ತಿಯ ಮೂಟೆ ಒಯ್ಯುತ್ತಾನೆ, ಅಲ್ಲಿ ನೀನು ಅದರ ಧೂಳನ್ನೇ ನುಂಗುತ್ತೀ, ಒಳ್ಳೆಯ ಸಂಸಾರ ನಮ್ಮದು. ಅವ್ವ ಒಣಶುಂಠಿ ಕಟ್ಟಿ ಕಳಿಸಿದ್ದಾಳೆ, ಬೆಲ್ಲದ ಜೊತೆ ಕುದಿಸಿ ಕುಡಿ. ಆಕೆ ರಾಮದುರ್ಗ ಬಿಟ್ಟು ಈಗ ನನ್ನ ಜೊತೆಗೇ ಇದ್ದಾಳೆ, ಮೊಣಕಾಲೊಂದು ಬಿಟ್ಟರೆ ಆರಾಮ. ಈ ಕಾಗದವನ್ನು ಕಾಕಾನ ಕೈಯಲ್ಲೇ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಮೇಲೆ ಮಾರುತಿ ಎಂದು ಬರೆಯಬೇಕು, ಅದಕ್ಕೆ ನನ್ನ ಕೈ ಬರಲಿಲ್ಲ. ಒಬ್ಬನನ್ನು ಕೊಂದೆನೆಂದುಕೊಂಡು ಏಳು ವರ್ಷದಿಂದ ಬೇರೆ ಹೆಸರಿನಲ್ಲಿ ಬದುಕುತ್ತಿದ್ದೀ. ನಾನು ಬರೆಯುವುದು ಆ ವಿಷಯವೇ. ಎಲ್ಲಿಯಾದರೂ ಕೂತುಕೊಂಡು ಓದು.

ನನ್ನ ಕೆಲಸದ ಸುದ್ದಿ ಕಾಕಾ ಹೇಳಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳಲ್ಲಿ ಈಗಷ್ಟೇ ಡಿಗ್ರಿ ಮುಗಿಸಿದವರನ್ನು ಸರಕಾರಿ ಮಂಡಳಿಯೊಂದು ಒಂದು ವರ್ಷ ತರಬೇತಿಗೆ ತೆಗೆದುಕೊಂಡಿದೆ. ಪ್ರತಿ ತಿಂಗಳೂ ಸ್ಟೈಪೆಂಡ್ ಕೊಡುತ್ತಾರೆ, ವರ್ಷ ಚೆನ್ನಾಗಿ ಮುಗಿದರೆ ನೌಕರಿ. ನನ್ನನ್ನು ಹಾಕಿದ್ದು ಸಿಬ್ಬಂದಿ ವಿಭಾಗಕ್ಕೆ. ಹೆಡ್‌ಕ್ಲಾರ್ಕ್ ಶಂಕರೆಪ್ಪನವರು ಮೊದಲ ವಾರ ನನ್ನ ಕೈಯಿಂದ ಫೈಲು ತೆಗೆದುಕೊಳ್ಳುತ್ತಿರಲಿಲ್ಲ, ಟೇಬಲ್ಲಿನ ಮೇಲೆ ಇಡಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದರು. ಅವರ ಇಂಗ್ಲಿಷ್ ಪತ್ರಗಳನ್ನು ತಿದ್ದುವವಳು ನಾನೇ ಆದ ಮೇಲೆ ಮಡಿ ತಾನಾಗಿ ಸಡಿಲಾಯಿತು. ಖಾಯಂ ಆದ ಪ್ರತಿ ನೌಕರನಿಗೂ ಒಂದು ಸೇವಾ ಪುಸ್ತಕ ತೆರೆಯಬೇಕು. ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಗುರುತು, ಎಡಗೈಯ ಐದು ಬೆರಳಿನ ಒತ್ತು. ಓದು ಬಾರದವನಾದರೆ ಬರೆದದ್ದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ನಿವೃತ್ತನಾಗುವವರೆಗೂ ಆ ಪುಸ್ತಕ ಅವನನ್ನು ಬಿಡುವುದಿಲ್ಲ.

ಸೋಮವಾರ ಗೋದಾಮಿನ ಕಾವಲುಗಾರರ ಸರದಿ ಇತ್ತು. ನಾಲ್ಕನೆಯವನು ಬಂದು ನನ್ನೆದುರು ಕೂತು ರುಮಾಲು ತೆಗೆದ. ಎಡಗಿವಿಯ ತುದಿ ಇಲ್ಲ. ಅಲ್ಲಿಂದ ಗದ್ದದವರೆಗೆ ಕೆನ್ನೆಯ ಮೇಲೆ ಉದ್ದಕ್ಕೂ ಗಾಯದ ಕಲೆ. ಅಣ್ಣಾ, ಅವನೇ. ಹೆಸರು ವೀರಪ್ಪ, ಕಿತ್ತೂರ ಕಡೆಯವನು. ಹೊಟ್ಟೆ ಬಂದಿದೆ, ಮೂರು ಮಕ್ಕಳಿದ್ದಾರೆ, ಎಲೆ ಅಡಿಕೆ ಜಗಿಯುತ್ತ ಕೂತಿದ್ದ. ನೀನು ಯಾರನ್ನೂ ಕೊಂದಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದು.

ಆ ದಿನದ್ದು ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ಈವರೆಗೆ ಯಾರೂ ಅದನ್ನು ಮಸಿಯಲ್ಲಿ ಬರೆದಿಲ್ಲ. ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ ಎಂದು ಅಪ್ಪ ಚಾವಡಿಯಲ್ಲಿ ಹೇಳಿ ಬಂದ ಮರುದಿನ, ನಡುಮಧ್ಯಾಹ್ನ, ಗೌಡ ಕರೆಸಿದ ಹನ್ನೆರಡು ಜನ ನಮ್ಮ ಕೇರಿಗೆ ನುಗ್ಗಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈಯನ್ನು ಕಾದ ಹಂಚಿಗೆ ಒತ್ತಿ ಹಿಡಿದರು, ಆ ಗುರುತು ಇನ್ನೂ ಇದೆ. ಈ ವೀರಪ್ಪ ಅಪ್ಪನನ್ನು ಅಂಗಳದಲ್ಲಿ ಬೋರಲು ಕೆಡವಿ, ಕುತ್ತಿಗೆಯ ಮೇಲೆ ಕಾಲಿಟ್ಟು, ಬಡಿಗೆಯಿಂದ ಬೆನ್ನಿಗೆ ಬಡಿದ. "ಎಳಿತೀಯೋ ಇಲ್ಲೋ? ಎಳಿತೀಯೋ ಇಲ್ಲೋ?" ಎಂದು ಏಟಿಗೊಮ್ಮೆ ಕೇಳಿದ. ಅಪ್ಪ ಒಮ್ಮೆಯೂ ಹೂಂ ಅನ್ನಲಿಲ್ಲ. ಎಲುಬು ಮುರಿದ ಸಪ್ಪಳ ನಾನು ಕಣಜದ ಹಿಂದೆ ಕೂತು ಕೇಳಿದೆ, ಅವನ ಮುಖವನ್ನು ಬಾಗಿಲ ಸಂದಿಯಿಂದ ನೋಡಿದೆ. ನೀನು ಕುಡಗೋಲು ಬೀಸಿದೆ, ಅವನ ಮುಖ ಬಾಯಿಬಿಟ್ಟಿತು, ನೀನು ಓಡಿದೆ. ಅವನನ್ನು ಚಕ್ಕಡಿಯಲ್ಲಿ ಹಾಕಿ ಮುಖದ ಮೇಲೆ ಚಾದರ ಹೊದಿಸಿ ಒಯ್ದರು, ಸತ್ತನೆಂದೇ ಕೇರಿಯೆಲ್ಲ ನಂಬಿತು. ಅಪ್ಪ ಮೂರು ದಿನ ರಕ್ತ ಕಾರಿ ಹೋದ. ಫಿರ್ಯಾದಿ ಕೊಟ್ಟರೆ ನಿನ್ನನ್ನು ಹಿಡಿಯುತ್ತಾರೆಂದು ನಾವು ಸುಮ್ಮನಾದೆವು, ಅಪ್ಪನ ಸಾವು ಹೊರಬೀಳುತ್ತದೆಂದು ಗೌಡನೂ ಸುಮ್ಮನಾದ. ಆಮೇಲೆ ಗುಡಿಸಲುಗಳಿಗೆ ಬೆಂಕಿ ಬಿದ್ದು ಕೇರಿಯೇ ಚೆದುರಿತು. ರಾಮದುರ್ಗ ಸೇರಿದ ನಾವು ಮತ್ತೆ ಆ ಊರಿನ ದಾರಿ ತುಳಿಯಲಿಲ್ಲ.

ಬೆರಳೊತ್ತು ತೆಗೆಯಬೇಕೆಂದರೆ ಕೈ ಹಿಡಿಯಬೇಕು. ಹಿಡಿದೆ. ಒಂದೊಂದೇ ಬೆರಳನ್ನು ಮಸಿಯಲ್ಲಿ ಹೊರಳಿಸಿ ಕಾಗದಕ್ಕೆ ಒತ್ತಿದೆ. "ಬಾಯಾರ, ಈ ಮಸಿ ತೊಳದರ ಹೋಗತೈತೇನ್ರಿ?" ಎಂದ. ಹೋಗುತ್ತದೆ ಎಂದೆ. ಫೈಲು ಹೊಲಿಯುವ ದಬ್ಬಣ ಪಕ್ಕದಲ್ಲೇ ಇತ್ತು. ಸುಳ್ಳು ಹೇಳುವುದಿಲ್ಲ, ಅದನ್ನು ಅವನ ಅಂಗೈಯಲ್ಲಿ ಇಳಿಸಿ ಟೇಬಲ್ಲಿಗೆ ಜಡಿದುಬಿಡಬೇಕು ಅನ್ನಿಸಿತು. ಕೈಗೆ ತೆಗೆದುಕೊಂಡೂ ಇದ್ದೆ. ಕೆಳಗಿಟ್ಟು ಪೆನ್ನು ಎತ್ತಿಕೊಂಡೆ, ಈ ಗಾಯ ಹೇಗಾಯಿತು ಎಂದು ಕೇಳಿದೆ. ಹಾಗೆ ಕೇಳಬೇಕೆಂದು ಯಾವ ನಿಯಮವೂ ಇಲ್ಲ. ಅವನು ನಕ್ಕ. "ಎಪ್ಪತ್ತರಾಗ ಸತ್ಯಪ್ಪ ಅಂತ ಕೇರಿಯಾಂವ ಒಬ್ಬ ಸೊಕ್ಕ ಮಾಡಿದ್ದರಿ. ಅವನ್ನ ಮಲಗಸೋ ಮುಂದ ಕುಡಗೋಲ ತಾಗಿ ಆತು. ಅಂವ ಮ್ಯಾಲ ಏಳಲಿಲ್ಲ ಬಿಡ್ರಿ" ಎಂದ. ಆ ಕುರ್ಚಿಯಲ್ಲಿ ಕೇರಿಯ ಹುಡುಗಿ ಕೂತಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಬರೆದೆ. ಬರೆದು, ಅವನಿಗೆ ಓದು ಬಾರದ್ದರಿಂದ ನಿಯಮದಂತೆ ಎದ್ದು ನಿಂತು ಗಟ್ಟಿಯಾಗಿ ಓದಿದೆ: "ಗುರುತು: ಎಡಗೆನ್ನೆಯ ಮೇಲೆ ಕುಡಗೋಲಿನ ಗಾಯ. 1970ರಲ್ಲಿ ಸತ್ಯಪ್ಪ ಎಂಬವರನ್ನು ಬಡಿದು ಕೊಲ್ಲುವಾಗ ಆದದ್ದು, ನೌಕರನ ಹೇಳಿಕೆಯ ಪ್ರಕಾರ." ನಾನು ಆ ಸತ್ಯಪ್ಪನ ಮಗಳು ಎಂದೂ ಹೇಳಿದೆ. ಅವನು ಎದ್ದವನೇ ಅದೇ ಎಡಗೈಯಿಂದ ನನ್ನ ಮುಖಕ್ಕೆ ಬಾರಿಸಿದ. ಕುರ್ಚಿ ಸಮೇತ ಬಿದ್ದೆ. "ಕೇರಿಯಾಕಿ ಖುರ್ಚಿ ಮ್ಯಾಲ ಕುಂತೀಯೇನ?" ಎಂದು ಜಡೆ ಹಿಡಿದು ನೆಲಕ್ಕೆ ಜಜ್ಜಿದ, ಹೊಟ್ಟೆಗೆ ಒದ್ದ. ಒಂದು ಹಲ್ಲು ಹೋಯಿತು. ಶಂಕರೆಪ್ಪನವರು ಅವನನ್ನು ಹಿಂದಿನಿಂದ ಅವುಚಿ ಹಿಡಿದರು, ಪಾಪ, ಅವರ ಮೂಗಿನ ಮೇಲಿನ ಚಾಳೀಸು ಒಡೆಯಿತು.

ಎದ್ದಾಗ ನನ್ನ ಬಲಗೆನ್ನೆಯ ಮೇಲೆ ಅವನ ಬೆರಳುಗಳ ಮಸಿ ಮೂಡಿತ್ತು. ಯಾರೋ ತೊಳೆದುಕೊಳ್ಳಲು ನೀರು ತಂದರು, ಮುಟ್ಟಲಿಲ್ಲ. ಹಾಗೆಯೇ ನಮ್ಮ ಮೇಲಧಿಕಾರಿ ಸಾಹೇಬರ ಕೋಣೆಗೆ ಹೋಗಿ, ಪುಸ್ತಕ ತೆರೆದು ಕೆನ್ನೆಯ ಪಕ್ಕಕ್ಕೆ ಹಿಡಿದು ನಿಂತೆ. ಅವರು ಎರಡನ್ನೂ ನೋಡಿ, "ಆ ಸಾಲ ಹೊಡದ ಹಾಕವಾ ತಂಗಿ, ಉಳದಿದ್ದು ನಾ ನೋಡಕೋತೇನಿ" ಎಂದರು. ಸೇವಾ ಪುಸ್ತಕದ ಸಾಲು ಹೊಡೆದರೆ ಪಕ್ಕದಲ್ಲಿ ಕಾರಣ ಬರೆದು ಅವರೇ ಸಹಿ ಮಾಡಬೇಕು, ಕಲಿಸಿದವರೂ ಅವರೇ. ಬರೆಯಿರಿ ಎಂದು ಪೆನ್ನು ಚಾಚಿದೆ. ಅವರು ಬರೆಯದೆ ಪುಸ್ತಕ ಮುಚ್ಚಿದರು. ಅಲ್ಲಿಂದ ನೇರವಾಗಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ, ಆಮೇಲೆ ಮುಖ ತೊಳೆದೆ. ಮನೆಯಲ್ಲಿ ಅವ್ವ ನನ್ನ ಹಲ್ಲಿನ ಮಾತೇ ಎತ್ತಲಿಲ್ಲ. "ಅಂವ ಜೀವಂತ ಅದಾನ? ಖರೇನ?" ಎಂದು ನಾಲ್ಕು ಸಲ ಕೇಳಿ, ನನ್ನ ಕಾಲ ಮೇಲೆ ಬಿದ್ದು ಅತ್ತಳು. ಆಕೆ ಹಾಗೆ ಅತ್ತದ್ದನ್ನು ಅಪ್ಪ ಹೋದ ದಿನವೂ ನಾನು ನೋಡಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದಳು.

ನಿನ್ನ ತಂಗಿ,
ರಾಯವ್ವ

ತಾ.ಕ.: ಕಾಕಾ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ವಿಚಾರಣೆ ಇದೇ 19, ಸೋಮವಾರ, ಹನ್ನೊಂದು ಗಂಟೆಗೆ. ನನ್ನನ್ನು ಹೊಡೆದದ್ದಕ್ಕೆ ವೀರಪ್ಪನನ್ನು ಅಮಾನತಿನಲ್ಲಿಟ್ಟಿದ್ದಾರೆ, ಆದರೆ ಅದು ಬಂಡಿಯಿಂದ ಬಿದ್ದು ಆದ ಗಾಯ, ತಾನು ಹಾಗೆ ಹೇಳಿಯೇ ಇಲ್ಲ ಎನ್ನುತ್ತಿದ್ದಾನೆ. ಶಂಕರೆಪ್ಪನವರಿಗೂ ಏನೂ ಕೇಳಿಸಲಿಲ್ಲವಂತೆ. ಅಪ್ಪನನ್ನು ಬಡಿಯುವಾಗ ಅವ್ವ ಒಳಗಿದ್ದಳು, ನನ್ನ ಮಾತು ನನ್ನ ಪರವಾಗಿ ನಡೆಯುವುದಿಲ್ಲ. ಅದು ಕುಡಗೋಲಿನ ಗಾಯವೆಂದು ಹೇಳಬಲ್ಲವನು ನೀನೊಬ್ಬನೇ. ಬಂದರೆ ಪೊಲೀಸರು ನಿನ್ನನ್ನೂ ಹಿಡಿಯಬಹುದು, ಇಲ್ಲವೆಂದು ನಾನು ಹೇಳಲಾರೆ. ಬಾರದಿದ್ದರೆ ಸರಕಾರಿ ಪುಸ್ತಕದಲ್ಲಿ ಸುಳ್ಳು ಬರೆದವಳೆಂದು ನನ್ನನ್ನು ಹೊರಗೆ ಹಾಕುತ್ತಾರೆ, ಅಪ್ಪನ ಸಾಲನ್ನೂ ಹೊಡೆದು ಹಾಕುತ್ತಾರೆ. ಸಾಕ್ಷಿಯ ಪಟ್ಟಿಯಲ್ಲಿ ಒಂದೇ ಹೆಸರು ಕೊಟ್ಟಿದ್ದೇನೆ: ದುರ್ಗಪ್ಪ, ತಂದೆ ಸತ್ಯಪ್ಪ. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತಾನೆ. ಓ ಅನ್ನು.